ಶೈಲಜಕ್ಕನ ಸೋಮವಾರ

ಹುಬ್ಬಳ್ಳಿಯ ನಮ್ಮ ಲ್ಯಾಬಿನಲ್ಲಿ ಕಂಪ್ಯೂಟರಿಗೆ ನೆಗಡಿಯಿಲ್ಲ.
ಬಿಳಿ ಮೇಜು, ಅಳೆದಿಟ್ಟ ತಂಪು,
ಒಂದೇ ಲೆಕ್ಕ ಸಾವಿರ ಸಲ ಮಾಡೆಂದರೆ ಮಾಡುತ್ತದೆ.
ಮೀಟರಿನಲ್ಲಿ ಅಂಕಿ
ಕೈಕಟ್ಟಿ ನಿಂತ ಜಾಣ ಹುಡುಗ.

ಬ್ಯಾಡಗಿಯದು ಬೇರೆ.
ಚನ್ನವೀರಪ್ಪ ದಲಾಲರ ಅಂಗಡಿ, ಗಾಜಿನ ಹಿಂದೆ ಐದು ಕಂಪ್ಯೂಟರು,
ಮುಂದೆ ಕಡ್ಡಿ, ಡಬ್ಬಿ, ಮೂಟೆಯ ಮೇಲೆ ಮೂಟೆ,
ಊರಿಗೆ ಊರೇ ಒಂದು ಒಗ್ಗರಣೆ.
ಮೀಟರು ಹೊರತೆಗೆಯುವ ಮೊದಲೇ ಮೂರು ಸಲ ಸೀನಿದೆ.
“ನಿಮ್ಮ ಮಷೀನಿಗೂ ಮೂಗಿಗೊಂದ್ ಅರಿವಿ ಕಟ್ರಿ”
ಅಂದರು ಶೈಲಜಕ್ಕ, ತಲೆ ಎತ್ತದೆ.

ನಾಲ್ಕು ಪರವಾಗಿಲ್ಲ. ಕಿಟಕಿ ಪಕ್ಕದ ಅವರದು ಮಾತ್ರ
ಸುಮ್ಮನೆ ಕೂತಾಗಲೂ ಎಪ್ಪತ್ತೊಂದು ವ್ಯಾಟ್ ತಿನ್ನುತ್ತಿತ್ತು.
ಡಬ್ಬಿ ಬಿಚ್ಚಿದೆ. ಒಳಗೂ ಡಬ್ಬಿಯೇ:
ಫ್ಯಾನಿನ ಎಲೆಗಳಿಗೆ ಮೆತ್ತಿದ ಹತ್ತು ಸುಗ್ಗಿಯ ಕೆಂಪು.

ಕಂಪನಿಯ ಪರೀಕ್ಷೆಯಲ್ಲಿ ಪತ್ರ ಒಂದೇ ಉಸಿರಿಗೆ ಟೈಪಾಗುತ್ತದೆ,
ಯಾರೂ ಬಂದು ಬಾಗಿಲಲ್ಲಿ ನಿಲ್ಲುವುದಿಲ್ಲ.
ಅದಕ್ಕೇ ಟೆಂಡರಿನ ದಿನ, ಅವರನ್ನು ಕೇಳಿಯೇ,
ಒತ್ತಿದ ಪ್ರತಿ ಕೀಲಿಯನ್ನೂ ಬರೆದಿಡುವ ಪ್ರೋಗ್ರಾಮ್ ಹಾಕಿದೆ.
ಒಂಬತ್ತೂ ನಲವತ್ತಕ್ಕೆ ಲಾಟುಗಳ ಪಟ್ಟಿ.
ತೂಕದ ಚೀಟಿ, ಅರವತ್ತೆರಡು.
‘ಹಾನಗಲ್ಲ’ ಹೊಡೆದು, ಅಳಿಸಿ, ‘ಹಿರೇಕೆರೂರ’.
ಪ್ರಿಂಟರು ಕಾಗದ ಕಚ್ಚಿದ್ದು; ಇವರು ಅದರ ಅವ್ವನನ್ನು ನೆನೆದದ್ದು
(ಅದಕ್ಕೆ ವ್ಯಾಟ್ ಇಲ್ಲ).
ಕರೆಂಟು ಹೋಗಿ ಯುಪಿಎಸ್ಸು ಟಿಟ್ಟಿಭದಂತೆ ಕೂಗಿದ್ದು.
ಮೂರೂ ಹತ್ತಕ್ಕೆ,
ಹದಿನೇಳು ನಿಮಿಷ, ಏನೂ ಇಲ್ಲ.

ರಾತ್ರಿ ಎಂಟಕ್ಕೆ, ಖಾತೆಯ ನಕಲಿನ ಮೇಲೆ,
ಆ ಸೋಮವಾರವನ್ನು ಮತ್ತೆ ಓಡಿಸಿದೆ.
ಖಾಲಿ ಕುರ್ಚಿ. ತಾನಾಗಿ ಬೀಳುವ ಅಕ್ಷರ.
ಕಾವಲಿನ ಹಜರೇಸಾಬ ಹೊಸ್ತಿಲು ದಾಟಲಿಲ್ಲ.
“ಅಕ್ಕಾರು ಮನಿಗೆ ಹೋದ್ರಲ್ರೀ, ಯಾರ್ ಹೊಡ್ಯಾಕತ್ತಾರ?”
‘ಹಾನಗಲ್ಲ’ ಬಂತು, ಅಳಿಯಿತು.
“ಓ, ಅವರ ಬಿಡ್ರಿ” ಎಂದು ನಕ್ಕು ಒಳಗೆ ಬಂದ.

ಒಂದೂವರೆಗೆ ಆ ಹದಿನೇಳು ನಿಮಿಷ ಬಂತು.
ಪರದೆಯ ಮೇಲೆ ತುಂಬು ಬಿಡಿಸುವ ಫಕ್ಕೀರವ್ವನ ಹೆಸರು,
ಮುಂಗಡ ಸಾವಿರದ ಎಂಟುನೂರ ಐವತ್ತು,
ಅದರ ಪಕ್ಕ ಮಿಣುಕುವ ಗೆರೆ.
ಹಗಲು ಪಕ್ಕದಲ್ಲೇ ಕೂತಿದ್ದೆ, ಮೀಟರನ್ನೇ ನೋಡುತ್ತಿದ್ದೆ.
ಈಗ ನೋಡಿದೆ. ನಾವಿಬ್ಬರೂ ನೋಡಿದೆವು.
ಗೆರೆ ಅಂಕಿಗಳನ್ನು ಒಂದೊಂದಾಗಿ ತಿಂದಿತು.
ಬಿತ್ತು: ಸೊನ್ನೆ.
ಹಜರೇಸಾಬ ಎದ್ದು, ಹೊರಗೆ ಹೋಗಿ, ಬೀಡಿ ಹಚ್ಚಿದ.

ಸೊನ್ನೆ ಒತ್ತಿದರೂ ಸಾವಿರ ಒತ್ತಿದರೂ ಅಷ್ಟೇ ಕರೆಂಟು.
ಗ್ರಾಫಿನಲ್ಲಿ ಅಲ್ಲೊಂದು ಉಬ್ಬೂ ಇಲ್ಲ.

ಹಳೆಯದಕ್ಕೆ ದಿನಕ್ಕೆ ಅರವತ್ತೆಂಟು ಪಾಯಿಂಟು,
ಅಂದರೆ ಯೂನಿಟ್ಟಿನ ಮೂರರಲ್ಲೆರಡು ಪಾಲು;
ಖಾರ ಝಾಡಿಸಿದ ಮೇಲೆ ಅರವತ್ತೊಂದು;
ಅಂಗೈಯಗಲದ ಹೊಸದಕ್ಕೆ ಹದಿನಾಲ್ಕು.
ದಲಾಲರಿಗೆ ಖುಷಿಯಾಯಿತು. “ಛಲೋ ಆತು.
ಆ ಸೋಮವಾರದ್ದು ನನಗೂ ಒಂದ್ ಕಾಪಿ ಕೊಡ್ರಿ,
ಯಾರ್ ಎಷ್ಟ್ ದುಡೀತಾರ ನೋಡೂಣು.”

ಕೊಟ್ಟೆ.
ಹೆಸರಿದ್ದಲ್ಲಿ ಕಖಗಘ, ಅಂಕಿಯಿದ್ದಲ್ಲಿ ಒಂಬತ್ತುಗಳ ಸಾಲು.
ಹದಿನೇಳು ನಿಮಿಷವನ್ನು ಮಾತ್ರ ಕತ್ತರಿಸಲಿಲ್ಲ;
ಅದನ್ನು ತೆಗೆದರೆ ಅದು ಕಚೇರಿಯಾಗುವುದಿಲ್ಲ,
ಲ್ಯಾಬಾಗುತ್ತದೆ.
“ಇಲ್ಲಿ ಏನ್ ಮಾಡ್ತಿದ್ರು ಈಕಿ?”
“ಮಷೀನು ನಿಧಾನ ಆಗಿತ್ರಿ” ಎಂದೆ.
ಹದಿನೆಂಟು ವರ್ಷದ ವೃತ್ತಿಯಲ್ಲಿ
ನಾನು ಕೊಟ್ಟ ಮೊದಲ ಸುಳ್ಳು ರೀಡಿಂಗು.

ತಿಂಗಳ ಮೇಲೆ ಮತ್ತೆ ಹೋದೆ.
ಹೊಸ ಡಬ್ಬಿಯ ಮೂಗಿಗೆ ಶೈಲಜಕ್ಕ
ಹಳೇ ಸೀರೆಯ ತೆಳು ಅರಿವಿ ಕಟ್ಟಿದ್ದರು, ಗಂಟು ಹಾಕಿ.
ಗಾಳಿ ಸಾಲದೆ ಎರಡು ವ್ಯಾಟ್ ಜಾಸ್ತಿ.
ಬಿಚ್ಚಲಿಲ್ಲ. ಬರೆದುಕೊಂಡೆ:
ಅರಿವಿ ಸಮೇತ, ಹದಿನೆಂಟು.